ಹಸಿರು ವಾರ್ಡನ್ ತೋಡಿದ ಗುಂಡಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗೊಬ್ಬರದ ವಿಷಯ ಕೃಷಿ ಓದಿದವರು ಹೇಳಬೇಕು, ಮಾಟದ ವಿಷಯ ಅದನ್ನು ಬಲ್ಲವರು ಹೇಳಬೇಕು. ಎರಡೂ ತಿಳಿಯದ ನಾನು ಎರಡೂ ಬೆರೆತ ಕಥೆಗೆ ಕೈಹಾಕಿದ್ದು ಅಧಿಕಪ್ರಸಂಗವೇ ಸರಿ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಪರಿಸರದ ಪಾಠ ಶುರುವಾಗುವ ಹೊತ್ತಿಗೆ ಅರ್ಧ ತರಗತಿ ಕೊನೆಯ ಬಸ್ಸಿಗೆ ಓಡಿರುತ್ತಿತ್ತು. ಆ ಅರ್ಧದಲ್ಲಿ ನಾನೂ ಇರುತ್ತಿದ್ದೆ. ಆದರೆ ಚಂದ್ರಕಾಂತನ ಕಥೆಯನ್ನು ಯಾರಾದರೂ ಹೇಳಬೇಕು, ಅವನಿಗಂತೂ ಹೇಳುವ ಧೈರ್ಯವಿಲ್ಲ.

ಚಂದ್ರಕಾಂತ ಹರಿಹರದವನು. ವಿಶಾಖಪಟ್ನಂನಲ್ಲಿ ಒಂದು ವಿಶ್ವವಿದ್ಯಾಲಯದ ವಸತಿ ಕಾಲೇಜಿಗೆ ಸಹಾಯಕ ವಾರ್ಡನ್. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಸ್ವಲ್ಪ ದೂರ ಹೋಗಿ, ಮತ್ತೆ ಬಂದು ಸ್ಟ್ಯಾಂಡ್ ಹಾಕಿದ್ದೇನೆಯೇ ಎಂದು ನೋಡುವ ಜಾತಿ. ಗುಡುಗಿಗೆ ಹೆದರುತ್ತಿದ್ದ, ಗುಡುಗದಿದ್ದರೆ ಮಳೆ ಹೋಯಿತಲ್ಲ ಎಂದು ಹೆದರುತ್ತಿದ್ದ. ಈ ಎಲ್ಲ ಹೆದರಿಕೆಗಳ ಮೇಲೆ ಚಕ್ರವರ್ತಿಯಂತೆ ಕೂತಿದ್ದ ಹೆದರಿಕೆಯ ಹೆಸರು ಇಬ್ರಾಹಿಂಪಟ್ನಂ.

ಕಾಲೇಜಿನ ಮುಖ್ಯ ಕಚೇರಿ ವಿಜಯವಾಡದಲ್ಲಿ. ತಪ್ಪು ಮಾಡಿದ ವಾರ್ಡನ್‌ಗಳನ್ನು ಅವರು ಬೈಯುತ್ತಿರಲಿಲ್ಲ. ಊರಾಚೆ ಇಬ್ರಾಹಿಂಪಟ್ನಂನಲ್ಲಿ, ಥರ್ಮಲ್ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುವಂತಿರುವ ಶಾಖಾ ಹಾಸ್ಟೆಲಿಗೆ ಕಳಿಸಿಬಿಡುತ್ತಿದ್ದರು. ಅಲ್ಲಿಗೆ ಹೋದ ಹಿಂದಿನ ಸಹಾಯಕ ವಾರ್ಡನ್ ಈಗ ಯಾರ ಫೋನನ್ನೂ ಎತ್ತುವುದಿಲ್ಲ. ಚಂದ್ರಕಾಂತನ ಮಗಳು ಪ್ರಾರ್ಥನಾ ಇಂಟರ್, ಅಂದರೆ ನಮ್ಮ ಪಿಯುಸಿ, ಎರಡನೇ ವರ್ಷದಲ್ಲಿದ್ದಳು. ಹೆಂಡತಿ ಲೀಲಾವತಿ ಮೊದಲೇ ಹೇಳಿಟ್ಟಿದ್ದಳು: "ನೋಡ್ರಿ, ಹೋಗೋದಾದ್ರೆ ನೀವೊಬ್ರೇ ಹೋಗ್ರಿ. ಆ ಬಿಸಿಲಿಗೆ ನಾನೂ ಬರಲ್ಲ, ಮಗಳನ್ನೂ ಕಳಿಸಲ್ಲ. ತಿಂಗಳಿಗೊಮ್ಮೆ ಉಪ್ಪಿನಕಾಯಿ ಕಳಿಸ್ತೀನಿ."

ಇಂಥವನು ಒಂದು ದಿನ ಜಂಬ ಕೊಚ್ಚಿಕೊಂಡ. ಜಂಬವೂ ಹೆದರಿಕೆಯಿಂದಲೇ ಬಂದದ್ದು.

ಪ್ರಿನ್ಸಿಪಾಲ್ ಗಂಗಾಭವಾನಿ ಮೇಡಂ ಸಿಬ್ಬಂದಿಯ ಸಭೆ ಕರೆದು, "ಇನ್ನು ಮುಂದೆ ಕ್ಯಾಂಪಸ್ಸಿನ ಕಸ ಕ್ಯಾಂಪಸ್ಸಿನಲ್ಲೇ ಗೊಬ್ಬರ ಆಗಬೇಕು, ಒಂದು ಅಗುಳೂ ಗೇಟು ದಾಟಬಾರದು. ವಿಜಯವಾಡಕ್ಕೆ ಮಾತು ಕೊಟ್ಟಿದ್ದೇನೆ. ಗೊಬ್ಬರ ಮಾಡೋದು ಯಾರಿಗೆ ಗೊತ್ತು?" ಎಂದರು. ಅನುಭವಸ್ಥರೆಲ್ಲ ತಕ್ಷಣ ಫ್ಯಾನು ನೋಡಿದರು. ಚಂದ್ರಕಾಂತ ಫ್ಯಾನು ನೋಡುವುದರಲ್ಲಿ ಒಂದು ಕ್ಷಣ ತಡಮಾಡಿದ. ಮೇಡಂ ಕಣ್ಣಿಗೆ ಕಣ್ಣು ಸಿಕ್ಕಿತು. ಸುಮ್ಮನಿದ್ದರೆ ಏನಂದುಕೊಳ್ಳುತ್ತಾರೋ ಎಂಬ ಭಯಕ್ಕೆ ಬಾಯಿಂದ ಬಂದೇಬಿಟ್ಟಿತು: "ನಮ್ಮ ಮನೇಲಿ ಯಾವಾಗಲೂ ಮಾಡ್ತೀವಿ ಮೇಡಂ."

ಅವನ ಮನೆಯಲ್ಲಿದ್ದದ್ದು ಒಂದು ತುಳಸಿ ಕುಂಡ. ಅದಕ್ಕೆ ಲೀಲಾವತಿ ಚಹಾ ಸೋಸಿದ ಚರಟ ಸುರಿಯುತ್ತಿದ್ದಳು. ಅವನ ಗೊಬ್ಬರ ವಿಜ್ಞಾನ ಅಲ್ಲಿಗೆ ಮುಗಿಯಿತು.

ಮರುದಿನವೇ ಅವನು 'ಹಸಿರು ವಾರ್ಡನ್' ಆದ. ತಲೆಗೆ ಹಸಿರು ಟೊಪ್ಪಿ ಬಂತು. ಅಡುಗೆಮನೆಯ ಹಿಂದೆ ಕುತ್ತಿಗೆ ಮಟ್ಟದ ನೀಲಿ ಡ್ರಮ್ ಬಂತು. ದಿನಾ ಮುಸುರೆ ಒಯ್ಯುತ್ತಿದ್ದ ಎಮ್ಮೆಯವನನ್ನು ಗೇಟಿನಲ್ಲೇ ವಾಪಸು ಕಳಿಸಿದರು. ಹೊಸ ಡ್ರಮ್ಮಿಗೆ ದೃಷ್ಟಿಯಾಗದಿರಲೆಂದು ಅಡುಗೆಯವರು ಕುಂಕುಮ ತುಂಬಿದ ಬೂದುಗುಂಬಳ ಒಡೆದು, ಅದರ ಹೋಳುಗಳನ್ನೇ ಮೊದಲ ನೈವೇದ್ಯವಾಗಿ ಒಳಗೆ ಹಾಕಿದರು. ಆಮೇಲೆ ಶುಕ್ರವಾರ ಶುಕ್ರವಾರ ಒಡೆಯುವುದೇ ಪದ್ಧತಿಯಾಯಿತು.

ವಿದ್ಯಾರ್ಥಿಗಳ ಹಸಿರು ಸಮಿತಿಗೆ ಶ್ರಾವಣಿ ಎಂಬ ಹುಡುಗಿ ಮುಖ್ಯಸ್ಥೆ. ಮಾತು ಕಡಿಮೆ, ಶಿಸ್ತು ವಿಪರೀತ. ತಟ್ಟೆಯಲ್ಲಿ ಅನ್ನ ಬಿಡುವವರಿಗೆ ನಾಚಿಕೆಯಾಗಲೆಂದು ಅವಳೊಂದು ಕಾನೂನು ತಂದಳು. ಬಿಟ್ಟವರು ತಮ್ಮ ಹೆಸರನ್ನು ಕೆಂಪು ಶಾಯಿಯಲ್ಲಿ ಚೀಟಿಗೆ ಬರೆದು, ಬೇವಿನ ಕಡ್ಡಿಗೆ ಸಿಕ್ಕಿಸಿ, ಹಿಂಡಿದ ನಿಂಬೆ ಹೋಳಿಗೆ ಚುಚ್ಚಿ, ತಾವು ಬಿಟ್ಟ ಅನ್ನದ ಮೇಲೆ ಬಾವುಟದ ಹಾಗೆ ನೆಡಬೇಕು. ಸಂಜೆಯವರೆಗೆ ಅದು ಮೆಸ್ಸಿನ ಬಾಗಿಲಲ್ಲಿ ಪ್ರದರ್ಶನಕ್ಕಿದ್ದು, ಆಮೇಲೆ ಬಾವುಟದ ಸಮೇತ ಮುಸುರೆಗೆ ಸೇರುತ್ತಿತ್ತು. ವಾರಕ್ಕೆರಡು ಸಲ ಪುಳಿಹೋರ, ಅಂದರೆ ಅಲ್ಲಿಯ ಹುಳಿಯನ್ನ. ಆ ದಿನಗಳಲ್ಲಿ ಹಳದಿ ಅನ್ನದ ಗುಡ್ಡೆಗಳ ಮೇಲೆ ಒಣಮೆಣಸಿನಕಾಯಿ, ನಿಂಬೆ, ಕೆಂಪು ಅಕ್ಷರದ ಹೆಸರುಗಳು ಸಾಲಾಗಿ ನಿಂತಿರುತ್ತಿದ್ದವು. ಹೆಚ್ಚಾಗಿ ಕಾಣುತ್ತಿದ್ದ ಹೆಸರು ಉಷಶ್ರೀ. ಮೊದಲ ವರ್ಷದ ಸಣಕಲು ಹುಡುಗಿ. ಬಡಿಸಿಕೊಳ್ಳುವಾಗ ಭೀಮ, ತಿನ್ನುವಾಗ ಗುಬ್ಬಿ.

ಡ್ರಮ್ಮು ನಾರತೊಡಗಿತು. ಸಾಂಬಾರು, ಮೊಸರು ಎಲ್ಲ ಬೆರೆತು ಅದರೊಳಗೆ ಏನೋ ಗುಳುಗುಳು ಮಾತಾಡತೊಡಗಿತು. ಚಂದ್ರಕಾಂತ ಹೆದರಿ ಎರಡು ಬಾಟಲಿ ಫಿನಾಯಿಲ್ ಸುರಿದ. ಗುಳುಗುಳು ನಿಂತಿತು; ಅದರೊಂದಿಗೆ ಗೊಬ್ಬರಕ್ಕೆಂದು ಒಳಗೆ ಬಿಟ್ಟಿದ್ದ ಎರೆಹುಳುಗಳ ವಂಶವೂ ನಿಂತಿತು. ಮೇಲೆ ಒಂದು ಪದರ ಮಣ್ಣು ಹಾಕಿ ತುಳಸಿಯ ಕುಡಿ ಇಟ್ಟ. ಗಂಗಾಭವಾನಿ ಮೇಡಂ ಬಂದು ಮೂಗು ಅರಳಿಸಿ, "ಆಹಾ, ಆಸ್ಪತ್ರೆಯಷ್ಟು ಸ್ವಚ್ಛ! ಇದೇ ರೀ ಬೇಕಾದದ್ದು," ಎಂದು ಆ ಸಂಜೆಯೇ ವಿಜಯವಾಡಕ್ಕೆ ವರದಿ ಮಾಡಿದರು: ತ್ಯಾಜ್ಯ ಶೂನ್ಯ.

ಶೂನ್ಯವೆಂದು ವರದಿಯಾದ ಮೇಲೆ ಮರುದಿನದ ಮುಸುರೆಗೆ ಹೋಗಲು ಜಾಗವಿರಲಿಲ್ಲ. ಡ್ರಮ್ಮು ತುಂಬಿತ್ತು, ಎಮ್ಮೆಯವನಿಗೆ ಗೇಟು ಮುಚ್ಚಿತ್ತು. ನಿಜ ಹೇಳಿದರೆ ಇಬ್ರಾಹಿಂಪಟ್ನಂ. ಚಂದ್ರಕಾಂತ ಪೇಂಟಿನ ಖಾಲಿ ಬಕೆಟ್ಟಿಗೆ ಮುಸುರೆ ತುಂಬಿ, ಮುಚ್ಚಳ ಬಿಗಿದು, ಸ್ಕೂಟರಿನ ಕಾಲಡಿ ಇಟ್ಟುಕೊಂಡು ಎಂವಿಪಿ ಕಾಲೋನಿಯ ತನ್ನ ಅಪಾರ್ಟ್‌ಮೆಂಟಿಗೆ ತಂದ. ಸಂಜೆ ಸೀರಿಯಲ್ಲಿನ ಹೊತ್ತು. ಆಗ ಕಾಲೋನಿಯಲ್ಲಿ ಕಳ್ಳ ಬಂದರೂ ಜಾಹೀರಾತು ಬರುವವರೆಗೆ ಕಾಯಬೇಕು. ಹಿಂದುಗಡೆ ಬಾದಾಮಿ ಮರದ ಕೆಳಗೆ ಗುಂಡಿ ತೋಡಿ, ಬಕೆಟ್ ಮಗುಚಿ, ಒಣಗಿದೆಲೆ ಮುಚ್ಚಿದ. ಆಮೇಲೆ ಕಣ್ಣುಮುಚ್ಚಿ, ಕೈಮುಗಿದು, ತನ್ನೂರ ದೇವರನ್ನು ತುಟಿಯಲ್ಲೇ ಬೇಡಿಕೊಂಡ. ದಿನಾ ಇದೇ ನಡೆಯಿತು. ತಲೆಯ ಮೇಲಿನ ಹಸಿರು ಟೊಪ್ಪಿ ತೆಗೆಯುವುದು ಅವನಿಗೆ ಒಂದು ದಿನವೂ ನೆನಪಾಗಲಿಲ್ಲ.

ಒಂದು ಬೆಳಗ್ಗೆ ಲೀಲಾವತಿ ಅವನನ್ನು ಅಲುಗಾಡಿಸಿ ಎಬ್ಬಿಸಿದಳು.

"ರೀ, ಏಳ್ರಿ! ನಮ್ಮ ಬಿಲ್ಡಿಂಗಿಗೆ ಯಾರೋ ಚೇತಬಡಿ ಮಾಡಿಸ್ಯಾರಂತೆ!"

"ಚೇತಬಡಿ ಅಂದ್ರೆ?"

"ಇಷ್ಟು ವರ್ಷ ಇಲ್ಲಿದ್ದು ಅಷ್ಟೂ ತಿಳೀದಾ? ಮಾಟ ಕಣ್ರೀ, ಮಾಟ! ಹಿಂದ್ಗಡೆ ಹೂತಿಟ್ಟಿದ್ದನ್ನ ನಾಯಿ ಕೆದರಿ ಹಾಕೈತಂತೆ."

ಚಂದ್ರಕಾಂತ ಹೊದಿಕೆಯನ್ನು ಗಂಟಲವರೆಗೆ ಎಳೆದುಕೊಂಡ. ಮಾಟವೆಂದರೆ ಅವನಿಗೆ ಇಬ್ರಾಹಿಂಪಟ್ನಂ ನಂತರದ ಸ್ಥಾನ. ಆದರೆ ಕೆಳಗೆ ಹೋಗದಿದ್ದರೆ ತನ್ನ ಮೇಲೇ ಅನುಮಾನ ಬಂದೀತೆಂದು ಹೆದರಿ, ಹೋಗುವ ಹೆದರಿಕೆಯನ್ನು ಹೋಗದಿರುವ ಹೆದರಿಕೆ ಸೋಲಿಸಿ, ಮೆಟ್ಟಿಲಿಳಿದ. ಇಳಿಯುತ್ತಲೇ ಎಲ್ಲರಿಗಿಂತ ಜೋರಾಗಿ ಕೂಗಿದ: "ಇಂಥ ಕೆಲಸ ಮಾಡಿದವನನ್ನ ಸುಮ್ಮನೆ ಬಿಡಬಾರದು ಸಾರ್! ಹಿಡಿದು ಕಂಬಕ್ಕೆ ಕಟ್ಟಬೇಕು!"

"ಭೇಷ್, ಚಂದ್ರಕಾಂತ ಗಾರು! ಗಂಡಸು ಅಂದ್ರೆ ನೀವು," ಎಂದರು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಸನ್ಯಾಸಿರಾವು. ಬಂದರಿನಿಂದ ನಿವೃತ್ತರಾದವರು, ಹಡಗಿಗೆ ಕೇಳುವಷ್ಟು ದನಿಯಲ್ಲೇ ಈಗಲೂ ಮಾತು. "ಬನ್ನಿ, ನೋಡಿ."

ಚಂದ್ರಕಾಂತ ನೋಡಿದ. ಬಾದಾಮಿ ಮರ. ಗುಂಡಿ. ಹಳದಿ ಅನ್ನ, ಒಣಮೆಣಸಿನಕಾಯಿ, ಕುಂಕುಮ ಮೆತ್ತಿದ ಬೂದುಗುಂಬಳದ ಹೋಳು, ರಾಶಿ ರಾಶಿ ನಿಂಬೆ. ಒಂದೊಂದು ನಿಂಬೆಗೂ ಕಡ್ಡಿ, ಕಡ್ಡಿಗೆ ಚೀಟಿ, ಚೀಟಿಯಲ್ಲಿ ರಕ್ತದ ಬಣ್ಣದ ಹೆಸರು.

ಕಂಬಕ್ಕೆ ಕಟ್ಟಬೇಕೆಂದ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಇದನ್ನೋದಿ," ಎಂದು ಸನ್ಯಾಸಿರಾವು ಕೋಲಿನಿಂದ ಒಂದು ಚೀಟಿ ತೋರಿಸಿದರು. ಈ ಸಲ ದನಿ ಹಡಗಿಗಿರಲಿ, ಪಕ್ಕದವರಿಗೂ ಕೇಳಲಿಲ್ಲ. ಚೀಟಿಯಲ್ಲಿ ಉಷಶ್ರೀ ಎಂದಿತ್ತು.

ಸನ್ಯಾಸಿರಾವು ಅವರ ಸೊಸೆಯ ಹೆಸರೂ ಉಷಶ್ರೀ. ಏಳು ತಿಂಗಳ ಬಸುರಿ. ಗಂಡ ಹಡಗಿನ ಕೆಲಸದವನು, ಎಲ್ಲೋ ನಡುಸಮುದ್ರದಲ್ಲಿದ್ದ. ಆ ಹುಡುಗಿ ಮೆಟ್ಟಿಲ ಮೇಲೆ ಕೂತು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಮುಖ ಸುಣ್ಣದ ಗೋಡೆ.

"ನಾ ಕಣ್ಣಾರೆ ನೋಡೀನಪಾ," ಎಂದಳು ಎರಡನೇ ಮಹಡಿಯ ಕಾಳಮ್ಮ. ಕಂಪ್ಲಿ ಕಡೆಯ ಮುದುಕಿ, ಮಗನ ಮನೆಯಲ್ಲಿರುವವಳು. "ಮಬ್ಬುಗತ್ತಲು. ತಲಿ ಮ್ಯಾಲೆ ಅದೆಂಥದೋ ಕಿರೀಟ. ಕಣ್ಣು ಮುಚ್ಚಿ, ತುಟಿ ಪಿಟಿಪಿಟಿ ಅನಿಸಿ ಮಂತ್ರ ಹೇಳತಿದ್ದ. ಮನಷಾ ಅಲ್ಲ ಅದು."

"ಎತ್ತರ ಎಷ್ಟಿದ್ದ ಅಮ್ಮಾ?" ಎಂದು ಯಾರೋ ಕೇಳಿದರು.

"ಮರದ ಅರ್ಧ ಇದ್ದ!"

ಐದಡಿ ಮೂರಂಗುಲದ ಚಂದ್ರಕಾಂತನಿಗೆ ಆ ಭಯದ ನಡುವೆಯೂ ಸಣ್ಣದೊಂದು ಸಮಾಧಾನವಾಯಿತು.

ಗುಂಡಿಯನ್ನು ಮುಟ್ಟಲು ಯಾರೂ ಒಪ್ಪಲಿಲ್ಲ. ಮೇಲೆ ಟಾರ್ಪಾಲು ಹೊದಿಸಿದರು. ಸನ್ಯಾಸಿರಾವು ಅಂದೇ ರೈಲು ಹತ್ತಿ ವಿಜಯವಾಡಕ್ಕೆ ಹೋಗಿ ಇಂದ್ರಕೀಲಾದ್ರಿ ಬೆಟ್ಟದ ಅಮ್ಮನವರ ಕುಂಕುಮ ತಂದರು. ಬಂದವರೇ ತೀರ್ಪು ಕೊಟ್ಟರು: ಭಾನುವಾರ ಪ್ರತಿ ಮನೆಯ ಯಜಮಾನನೂ ಗುಂಡಿಯ ಮುಂದೆ ನಿಂತು, ಹಣೆಗೆ ಆ ಕುಂಕುಮ ಇಟ್ಟು, ಅಂಗೈಯ ವೀಳ್ಯದೆಲೆಯ ಮೇಲೆ ಕರ್ಪೂರ ಉರಿಸಿ, 'ನಾನಲ್ಲ' ಎಂದು ಆಣೆ ಮಾಡಬೇಕು. ಸುಳ್ಳು ಹೇಳಿದವನ ವಂಶವನ್ನು ಅಮ್ಮನೇ ನೋಡಿಕೊಳ್ಳುತ್ತಾಳೆ.

"ಮಾಟಕ್ಕೆ ಮರುಮಾಟನೂ ಆಗಬೇಕು, ಬರೇ ಕುಂಕುಮಕ್ಕ ಅದು ಬಗ್ಗೂದಲ್ಲ," ಎಂದು ಕಾಳಮ್ಮ ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಗುಟ್ಟಾಗಿ ಹೇಳಿದಳು. ಕಾಳಮ್ಮನ ಗುಟ್ಟು ಮೂರನೇ ಮಹಡಿಯವರೆಗೆ ಕೇಳುತ್ತಿತ್ತು.

"ನಮಗೇನು ಭಯ?" ಎಂದಳು ಲೀಲಾವತಿ. "ನೀವೇ ಮೊದಲು ಹೋಗಿ ಆಣೆ ಮಾಡಿಬಿಡ್ರಿ. ಮರ್ಯಾದೆ ಬರ್ತದೆ."

ಚಂದ್ರಕಾಂತ ಬೆರಳು ಮಡಿಚಿ ಲೆಕ್ಕ ಹಾಕಿದ. ಆಣೆ ಮಾಡಿದರೆ ವಂಶ, ನಿಜ ಹೇಳಿದರೆ ಇಬ್ರಾಹಿಂಪಟ್ನಂ. ಇವೆರಡರ ನಡುವೆ ಇನ್ನೊಂದು ವಿಷಯ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಉಷಶ್ರೀ ಊಟ ಬಿಟ್ಟಿದ್ದಳು. ಯಾರು ಯಾವುದರಲ್ಲಿ ಏನು ಬೆರೆಸಿದ್ದಾರೋ ಎಂದು ನೀರನ್ನೂ ಹೆದರಿ ಹೆದರಿ ಕುಡಿಯುತ್ತಿದ್ದಳು. ಡಾಕ್ಟರು ಬೈದು ಹೋಗಿದ್ದರು. ಲೀಲಾವತಿ ರಾಗಿ ಗಂಜಿ ಮಾಡಿ ಗಂಡನ ಕೈಯಲ್ಲೇ ಕಳಿಸಿದಳು.

ಅವಳು ಮುಟ್ಟದ ಲೋಟ ಅವನ ಕೈಯಲ್ಲೇ ಇತ್ತು. ಉಷಶ್ರೀ ಗೋಡೆಗೊರಗಿ ಕೂತಿದ್ದಳು.

"ಅಣ್ಣಯ್ಯಾ, ನಾನು ಯಾರಿಗೂ ಕೆಟ್ಟದ್ದು ಮಾಡಿಲ್ಲ ಕದಾ? ಮತ್ತೆ ನನ್ನ ಹೆಸರೇ ಯಾಕೆ? ಒಂದು ಸಲ ಅಲ್ಲ, ಅಷ್ಟೊಂದು ಸಲ?"

ಚಂದ್ರಕಾಂತ ಬಾಯಿ ತೆರೆದ. ಹೇಳಿಯೇಬಿಡುತ್ತಿದ್ದ. ಅಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು. ಗಂಗಾಭವಾನಿ ಮೇಡಂ.

"ಚಂದ್ರಕಾಂತ್ ಗಾರು, ಶುಭವಾರ್ತೆ! ವಿಜಯವಾಡದಿಂದ ಪರಿಶೀಲಕರು ಪಾನಕಾಲರಾವು ಅವರು ಭಾನುವಾರ ಬರ್ತಾರೆ. ನಿಮ್ಮ ಡ್ರಮ್ ಅಲ್ಲ, ನಿಮ್ಮ ಮನೆಯ ಗೊಬ್ಬರ ನೋಡಬೇಕಂತೆ. ಯಾವಾಗಲೂ ಮಾಡ್ತೀವಿ ಅಂದ್ರಲ್ಲ, ಅದನ್ನ ನಾನು ವರದಿಯಲ್ಲೂ ಹಾಕಿದ್ದೆ."

ಚಂದ್ರಕಾಂತ ತೆರೆದ ಬಾಯಿಗೆ ಕೈಯಲ್ಲಿದ್ದ ಗಂಜಿಯನ್ನು ತಾನೇ ಸುರಿದುಕೊಂಡು, ಖಾಲಿ ಲೋಟ ಹಿಡಿದು ಮನೆಗೆ ಬಂದ.

ಭಾನುವಾರ ಟಾರ್ಪಾಲು ತೆಗೆದರು. ಮನೆ ಯಜಮಾನರು ಸಾಲುಗಟ್ಟಿದರು. ಚಂದ್ರಕಾಂತ ಸಾಲಿನಲ್ಲಿ ಮೊದಲಿಗೇ ನಿಂತ, ಲೀಲಾವತಿ ನಿಲ್ಲಿಸಿದ್ದಳು. ಆದರೆ ಪ್ರತಿಯೊಬ್ಬರಿಗೂ "ನೀವು ದೊಡ್ಡವರು, ಮೊದಲು ನೀವು," "ನೀವು ಡ್ಯೂಟಿಗೆ ಹೋಗಬೇಕು, ಮೊದಲು ನೀವು," "ನಿಮಗೆ ಮಂಡಿನೋವು, ಮೊದಲು ನೀವು," ಎಂದು ದಾರಿ ಬಿಡುತ್ತ ಹಿಂದೆ ಹಿಂದೆ ಸರಿದ. ಕನ್ನಡದವರ ವಿನಯವೇ ವಿನಯ ಎಂದು ಜನ ಮೆಚ್ಚಿಕೊಂಡರು. ಕೊನೆಗೆ ಹಿಂದೆ ಕಾಂಪೌಂಡು ಗೋಡೆ ಮಾತ್ರ ಉಳಿಯಿತು. ಗೋಡೆಗೆ ದಾರಿ ಬಿಡಲು ಬರುವುದಿಲ್ಲ.

ಆಗಲೇ ಕಾರು ಬಂತು. ಗಂಗಾಭವಾನಿ ಮೇಡಂ, ಶ್ರಾವಣಿ, ಮತ್ತು ಸಫಾರಿ ತೊಟ್ಟ ಪಾನಕಾಲರಾವು ಇಳಿದರು. ಗುಂಡಿಯ ಸುತ್ತ ಜನ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಉರಿಯುವ ಕರ್ಪೂರ.

"ನೋಡಿದ್ರಾ ಸಾರ್!" ಮೇಡಂ ಕಣ್ಣಲ್ಲಿ ನೀರೇ ಬಂತು. "ಗೊಬ್ಬರಕ್ಕೆ ಆರತಿ! ಇಡೀ ಬಿಲ್ಡಿಂಗೇ ಪಾಲ್ಗೊಂಡಿದೆ!"

"ಅದ್ಭುತ," ಎಂದರು ಪಾನಕಾಲರಾವು. "ಭೂತಾಯಿಯನ್ನು ಹೀಗೆ ಪೂಜಿಸಬೇಕು. ಯಾರಿದರ ರೂವಾರಿ?"

"ಅದನ್ನೇ ನಾವೂ ಹುಡುಕ್ತಿದ್ದೀವಿ!" ಸನ್ಯಾಸಿರಾವು ಗುಡುಗಿದರು. "ಸಿಕ್ಕರೆ ಸಮುದ್ರಕ್ಕೆ ಎಸೀತೀವಿ!"

"ಛೆ, ಸನ್ಮಾನ ಮಾಡಬೇಕಪ್ಪಾ ಅಂಥವರಿಗೆ," ಎಂದರು ಪಾನಕಾಲರಾವು.

"ಸನ್ಮಾನವಾ? ನನ್ನ ಸೊಸೆ ಅನ್ನ ತಿಂದು ಮೂರು ದಿನ ಆಯ್ತು!"

"ಉಪವಾಸ ವ್ರತವೂ ಇದೆಯಾ!" ಮೇಡಂ ಇನ್ನೂ ಕರಗಿದರು.

ಈಗ ಎಲೆ, ಕರ್ಪೂರ ಚಂದ್ರಕಾಂತನ ಅಂಗೈಗೆ ಬಂತು. ಕಡ್ಡಿ ಗೀರಿದರು. ಅವನು ಎದುರಿಗೆ ನೋಡಿದ. ಒಂದು ಕಡೆ ಪಾನಕಾಲರಾವು. ಅವರ ಹಿಂದೆ ಅವನಿಗೆ ಮಾತ್ರ ಚಿಮಣಿಗಳು ಕಾಣುತ್ತಿದ್ದವು. ಇನ್ನೊಂದು ಕಡೆ ಮೆಟ್ಟಿಲ ಮೇಲೆ ಉಷಶ್ರೀ, ತುಟಿ ಒಣಗಿ, ಅವನ ಬಾಯನ್ನೇ ನೋಡುತ್ತ ಕೂತಿದ್ದಳು. ಕರ್ಪೂರದ ಉರಿ ಎಲೆ ದಾಟಿ ಚರ್ಮಕ್ಕೆ ತಾಗಿತು.

"ನಾನೇ!" ಎಂದು ಕಿರುಚಿದ ಚಂದ್ರಕಾಂತ. "ಈ ಗುಂಡಿ ನಂದೇ!"

ಇದನ್ನು ಧೈರ್ಯ ಎನ್ನಬೇಕೋ ಸುಟ್ಟ ನೋವು ಎನ್ನಬೇಕೋ ಎಂದು ಆ ಅಪಾರ್ಟ್‌ಮೆಂಟಿನಲ್ಲಿ ಇಂದಿಗೂ ಎರಡು ಪಕ್ಷಗಳಿವೆ.

ಪಾನಕಾಲರಾವು ಚಪ್ಪಾಳೆ ತಟ್ಟಿದರು. ಸನ್ಯಾಸಿರಾವು ಚಪ್ಪಲಿ ಕಳಚಿದರು. ಲೀಲಾವತಿ "ಅಯ್ಯೋ ನಿಮ್ಮ" ಎಂದು ಶುರುಮಾಡಿ ಸೆರಗು ಬಾಯಿಗಿಟ್ಟಳು.

"ಮಾಟ ಅಲ್ಲಮ್ಮಾ," ಚಂದ್ರಕಾಂತ ಉಷಶ್ರೀ ಕಡೆ ತಿರುಗಿ ಕೈಮುಗಿದ. "ಮುಸುರೆ! ಬರೀ ಹಾಸ್ಟೆಲ್ಲಿನ ಮುಸುರೆ!"

"ಸುಳ್ಳು!" ಎಂದಳು ಕಾಳಮ್ಮ. "ಮಂತ್ರ ಹೇಳಿದ್ದು ನಾ ಕೇಳೀನಿ!"

"ಮಂತ್ರ ಅಲ್ಲಜ್ಜಿ, 'ಇಬ್ರಾಹಿಂಪಟ್ನಂ ಬೇಡಪ್ಪಾ ಹರಿಹರೇಶ್ವರಾ' ಅಂತಿದ್ದೆ!"

"ಕಿರೀಟ?"

ಚಂದ್ರಕಾಂತ ಜೇಬಿನಿಂದ ಹಸಿರು ಟೊಪ್ಪಿ ತೆಗೆದು ತೋರಿಸಿದ. ಕಾಳಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದು ನೋಡಿ, ಬಹಳ ಬೇಸರಪಟ್ಟುಕೊಂಡಳು.

ಶ್ರಾವಣಿ ಬಗ್ಗಿ ಒಂದು ಕಡ್ಡಿ ಕಿತ್ತಳು. "ಸಾರ್, ಇದು ನಮ್ಮ ಮೆಸ್ಸಿನ ಬಾವುಟ. ಈ ಉಷಶ್ರೀ ನಮ್ಮ ಫಸ್ಟ್ ಇಯರ್ ಹುಡುಗಿ." ಯಾರೂ ನಂಬುವಂತೆ ಕಾಣಲಿಲ್ಲ. ಅವಳು ಫೋನು ತೆಗೆದು ವೀಡಿಯೊ ಕಾಲ್ ಹಚ್ಚಿ, ಸೀದಾ ಬಸುರಿಯ ಮುಖದ ಮುಂದೆ ಹಿಡಿದಳು. ಪರದೆಯ ಮೇಲೆ ಒಂದು ಸಣಕಲು ಮುಖ, ಕೆನ್ನೆಯಲ್ಲಿ ತುತ್ತು.

"ಅಕ್ಕಾ, ದೇವರಾಣೆ, ಇವತ್ತು ನಾನು ಏನೂ ಬಿಟ್ಟಿಲ್ಲ! ಆ ಯಶ್ವಂತ್ ಬಿಟ್ಟಿದ್ದಾನೆ, ಅವನನ್ನ ಕೇಳಿ!"

"ನಿನ್ನ ಹೆಸರೇನಮ್ಮಾ?" ಎಂದಳು ಬಸುರಿ.

"ಉಷಶ್ರೀ. ಯಾಕೆ, ನನಗೆ ಇವತ್ತೂ ಚೀಟಿನಾ?"

ಮೆಟ್ಟಿಲ ಮೇಲಿನ ಉಷಶ್ರೀ ನಗಲು ಶುರುಮಾಡಿದಳು. ಎಷ್ಟು ನಕ್ಕಳೆಂದರೆ ಸನ್ಯಾಸಿರಾವು ಹೆದರಿ ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಓಡಿಹೋಗಿ ಅವಳ ಭುಜ ಹಿಡಿದುಕೊಂಡರು. ನಗು ನಿಂತ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಮಾವಯ್ಯಾ, ಹಸಿವು." ಲೀಲಾವತಿ ಓಡಿಹೋಗಿ ಬೆಳಗಿನ ಚಿತ್ರಾನ್ನ ತಂದಳು. ಹಳದಿ ಅನ್ನ, ನಿಂಬೆ, ಒಣಮೆಣಸಿನಕಾಯಿ. ಸುತ್ತ ನಿಂತವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಉಷಶ್ರೀ ತಟ್ಟೆ ಖಾಲಿ ಮಾಡಿ ಬೆರಳು ನೆಕ್ಕಿದಳು. ಶ್ರಾವಣಿ ತೃಪ್ತಿಯಿಂದ ತಲೆದೂಗಿದಳು.

ಚಪ್ಪಾಳೆ ತಟ್ಟಿದ್ದ ಪಾನಕಾಲರಾವು ಮಾತ್ರ ಈಗ ನಗುತ್ತಿರಲಿಲ್ಲ.

"ಅಂದರೆ ಕ್ಯಾಂಪಸ್ಸಿನ ಕಸ ಗೇಟು ದಾಟಿದೆ," ಎಂದರು, ಬಹಳ ಮೆತ್ತಗೆ. "ಶೂನ್ಯ ಎಂದದ್ದು ಸುಳ್ಳು. ಮೇಡಂ, ಇಬ್ರಾಹಿಂಪಟ್ನಂ ಹಾಸ್ಟೆಲಿನಲ್ಲಿ ಒಂದು ಜಾಗ ಖಾಲಿ ಇದೆ ಅಲ್ಲವೇ?"

ಮೇಡಂ ಬಾದಾಮಿ ಮರದಲ್ಲಿ ಫ್ಯಾನು ಹುಡುಕತೊಡಗಿದರು. ಪಾನಕಾಲರಾವು ಪೆನ್ನು ತೆಗೆದರು. ಒಳಗೆ ಎಷ್ಟು ಮುಸುರೆ ಇದೆಯೆಂದು ನೋಡಲು ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಗುಂಡಿಯನ್ನು ಒಮ್ಮೆ ಚೆನ್ನಾಗಿ ಕೆದಕಿದರು.

ಎಲೆಗಳ ನಡುವಿನಿಂದ ಒಂದು ನಿಂಬೆಹಣ್ಣು ಉರುಳಿ ಬಂದು ಅವರ ಬೂಟಿಗೆ ತಾಗಿ ನಿಂತಿತು. ಹಿಂಡಿದ್ದಲ್ಲ, ಇಡೀ ಹಣ್ಣು. ನಿನ್ನೆಯೋ ಮೊನ್ನೆಯೋ ಇಟ್ಟಷ್ಟು ತಾಜಾ. ಮೈತುಂಬ ಕಬ್ಬಿಣದ ಮೊಳೆ. ಸುತ್ತ ಕಪ್ಪು ದಾರ.

"ಇದೂ ನಿಮ್ಮದೇ ತಾನೆ?" ಎಂದರು ಪಾನಕಾಲರಾವು.

ಶ್ರಾವಣಿ ಬಗ್ಗಿ ನೋಡಿದಳು. ನೆಟ್ಟಗಾದಳು. "ಇಲ್ಲ ಸಾರ್. ನಾವು ಮೊಳೆ ಬಳಸಲ್ಲ."

ಎಲ್ಲರೂ ಚಂದ್ರಕಾಂತನನ್ನು ನೋಡಿದರು. ಭಯಕ್ಕೆ ಅವನ ಕಣ್ಣು ದೊಡ್ಡದಾಗಿ, ರೆಪ್ಪೆ ಮಿಟುಕದೆ ಪಾನಕಾಲರಾವು ಅವರ ಮೇಲೆ ನೆಟ್ಟುಹೋಗಿತ್ತು. ತುಟಿ ಮಾತ್ರ ಪಿಟಿಪಿಟಿ ಅಲುಗುತ್ತಿತ್ತು. ಪಾಪ, ಹರಿಹರೇಶ್ವರನನ್ನು ಕರೆಯುತ್ತಿದ್ದ. ಪಾನಕಾಲರಾವು ಬೂಟನ್ನು ನಿಧಾನವಾಗಿ ಹಿಂದೆಳೆದುಕೊಂಡರು. ಪೆನ್ನಿಗೆ ಕ್ಯಾಪು ಹಾಕಿದರು. "ಸಣ್ಣಪುಟ್ಟದ್ದು ಇದ್ದೇ ಇರುತ್ತೆ, ಚಂದ್ರಕಾಂತ ಗಾರು. ಮನಸ್ಸಿಗೆ ಹಚ್ಚಿಕೋಬೇಡಿ," ಎಂದು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದೇ ಕಾರು ಹತ್ತಿದರು.

ವರ್ಗಾವಣೆಯ ಆದೇಶ ಬರಲಿಲ್ಲ. ವಿಜಯವಾಡದ ಕಚೇರಿಯಲ್ಲಿ ಅದಕ್ಕೆ ಸಹಿ ಹಾಕುವ ದಿನ ಒಬ್ಬರಿಗೆ ಜ್ವರ, ಇನ್ನೊಬ್ಬರಿಗೆ ರಜೆ, ಮತ್ತೊಬ್ಬರಿಗೆ ಮನೆಯಲ್ಲಿ ಪೂಜೆ. ಎಮ್ಮೆಯವನಿಗೆ ಗೇಟು ತೆರೆಯಿತು. ಉಷಶ್ರೀಗೆ ಹೆಣ್ಣುಮಗು, ನಾಮಕರಣಕ್ಕೆ ಹಾಸ್ಟೆಲ್ಲಿನ ಉಷಶ್ರೀ ಬಂದು ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಂಡು ಹೋದಳು. ಚಂದ್ರಕಾಂತ ಈಗಲೂ ಹಸಿರು ವಾರ್ಡನ್. ವಿಜಯವಾಡದಿಂದ ಬರುವ ಫೋನುಗಳಲ್ಲಿ ಅವನಿಗೆ ವಿಪರೀತ ಮರ್ಯಾದೆ. ಆ ಮರ್ಯಾದೆ ಕೇಳಿದಾಗೆಲ್ಲ ಅವನಿಗೆ ಎದೆ ಹೊಡೆದುಕೊಳ್ಳುತ್ತದೆ.

ಆ ಮೊಳೆ ಹೊಡೆದ ನಿಂಬೆಹಣ್ಣು? ಕಾಳಮ್ಮನನ್ನು ಕೇಳಿದರೆ ತನ್ನದಲ್ಲವೆಂದು ಮೊಮ್ಮಕ್ಕಳ ಮೇಲೆ ಆಣೆ ಇಡುತ್ತಾಳೆ. ಸನ್ಯಾಸಿರಾವು ಆ ಮಾತು ಎತ್ತಲು ಬಿಡುವುದಿಲ್ಲ. ಕ್ಯಾಲೆಂಡರ್ ಹಾಕಲು ತಂದಿಟ್ಟಿದ್ದ ಮೊಳೆಗಳ ಡಬ್ಬಿ ಖಾಲಿಯಾಗಿದೆಯಲ್ಲ ಎಂದು ಚಂದ್ರಕಾಂತ ಒಮ್ಮೆ ಹೆಂಡತಿಯನ್ನು ಕೇಳಿದ. "ಇದ್ದಿದ್ದೇ ನಾಕು, ಎಲ್ಲಿ ಬಿದ್ದು ಹೋದ್ವೋ," ಎಂದು ಅವಳು ಒಗ್ಗರಣೆ ಹಾಕಿದಳು. ಅದು ಯಾರನ್ನು ಕಾಯಲು ಇಟ್ಟದ್ದೋ, ಯಾರನ್ನು ಕೆಡಿಸಲು ಇಟ್ಟದ್ದೋ, ಇಟ್ಟವರು ಯಾರೋ, ಕಥೆ ಹೇಳಿದ ನನಗೆ ಗೊತ್ತಿಲ್ಲ. ಚಂದ್ರಕಾಂತನಿಗೂ ಗೊತ್ತಿಲ್ಲ. ಅವನು ಎರಡನೇ ಸಲ ಹೆಂಡತಿಯನ್ನು ಕೇಳಲಿಲ್ಲ.